ಮನೆ ಮಾರುವ ಮೊದಲು ಮನೆಯನ್ನು ಚಿಕ್ಕದು ಮಾಡಿ

ಪ್ರಶ್ನೆ: ನನಗೆ 72 ವರ್ಷ, ಹೆಂಡತಿಗೆ 67. ಸಾಗರದಲ್ಲಿ ನಮ್ಮದು 1987ರಲ್ಲಿ ಕಟ್ಟಿಸಿದ ಜಂಬಿಟ್ಟಿಗೆ ಗೋಡೆಯ ತಾರಸಿ ಮನೆ. ಮನೆ, ಜಾಗ ನನ್ನ ಹೆಸರಿನಲ್ಲಿವೆ, ಎಲ್ಲ ಸ್ವಂತ ದುಡಿಮೆಯದು. ಎರಡೂವರೆ ಅಡಿ ಎತ್ತರದ ತಳಪಾಯ. ಕೆಳಗೆ ಹಾಲ್, ಮಲಗುವ ಕೋಣೆ, ಅದರ ಪಕ್ಕ ಉಗ್ರಾಣ, ಅಡುಗೆಮನೆ. ಮೇಲೆ ಎರಡು ಕೋಣೆ, ಅಡುಗೆಕಟ್ಟೆ, ಬಾತ್‌ರೂಮು. ಮೇಲಕ್ಕೆ ಹೋಗುವ ಮೆಟ್ಟಿಲು ಹೊರಗಿನಿಂದ. ನಮ್ಮ ಬಚ್ಚಲು, ಶೌಚಾಲಯ ಹಿತ್ತಿಲಲ್ಲಿವೆ. ನಾನು ಪ್ರೌಢಶಾಲೆ ಶಿಕ್ಷಕನಾಗಿ ನಿವೃತ್ತನಾದವನು. ಪಿಂಚಣಿ 34,000 ರೂಪಾಯಿ, ಉಳಿತಾಯ 14 ಲಕ್ಷ. ಹೆಂಡತಿಗೆ ಮಂಡಿನೋವು. ಕಳೆದ ಮಳೆಗಾಲದಲ್ಲಿ ರಾತ್ರಿ ಶೌಚಾಲಯಕ್ಕೆ ಹೋಗುವಾಗ ಪಾಚಿ ಮೇಲೆ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ. ಬೆಂಗಳೂರಿನಲ್ಲಿರುವ ಮಗ, ‘ಇದನ್ನು ಮಾರಿ ಶಿವಮೊಗ್ಗದಲ್ಲಿ 52 ಲಕ್ಷದ ಫ್ಲ್ಯಾಟು ತಗೊಳ್ಳಿ, ಇಲ್ಲವೇ ಮನೆಯನ್ನು ಈಗಲೇ ನನ್ನ ಹೆಸರಿಗೆ ಮಾಡಿ, ಮುಂದಿನದು ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಾನೆ. ಪುಣೆಯಲ್ಲಿರುವ ಮಗಳು ಮೈಸೂರಿನ ಒಂದು ಹಿರಿಯರ ವಸತಿಗೆ ಸೇರಿ ಎನ್ನುತ್ತಾಳೆ. ಅಲ್ಲಿ ಇಬ್ಬರಿಗೆ ತಿಂಗಳಿಗೆ 38,000, ಮೇಲೆ ಡೆಪಾಸಿಟ್ಟು. ಬ್ರೋಕರ್ ಪ್ರಕಾರ ನಮ್ಮ ಮನೆಗೆ 65 ಲಕ್ಷ ಬರುತ್ತದೆ. ಏನು ಮಾಡಲಿ? ಹಿತ್ತಿಲ ಬಾವಿಯನ್ನೂ ಮುಚ್ಚಿಸಬೇಕೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಮಗ ಏನು ಹೇಳುತ್ತಾನೆ, ಮಗಳು ಏನು ಹೇಳುತ್ತಾಳೆ, ಬ್ರೋಕರ್ ಏನು ಹೇಳುತ್ತಾರೆ ಎಲ್ಲ ಇದೆ. ನಿಮ್ಮ ಮನೆಯವರು ಏನು ಹೇಳುತ್ತಾರೆ ಎಂಬುದು ಮಾತ್ರ ಒಂದು ಸಾಲೂ ಇಲ್ಲ. ಬಿದ್ದವರು ಅವರು, ದಿನವಿಡೀ ಆ ಮನೆಯಲ್ಲಿ ಓಡಾಡುವವರು ಅವರು. ಲೆಕ್ಕ ಪ್ರಕಾರ ನಿಮಗಿಂತ ಹೆಚ್ಚು ವರ್ಷ ಆ ಮನೆಯಲ್ಲಿ ಇರಬೇಕಾದವರೂ ಅವರೇ. ಮೊದಲು ಅವರನ್ನು ಕೂರಿಸಿಕೊಂಡು ಕೇಳಿ. ನಾನು ಬರೆಯುವುದು ಅದಾದ ಮೇಲಿನ ಮಾತು.

ನನ್ನ ಸಲಹೆ ನೇರವಾಗಿ ಹೇಳಿಬಿಡುತ್ತೇನೆ. ಈಗ ಮಾರಬೇಡಿ. ಯಾರ ಹೆಸರಿಗೂ ಮಾಡಬೇಡಿ. ಇರುವ ಮನೆಯೊಳಗೇ ನಿಮ್ಮಿಬ್ಬರಿಗೆ ಸಾಕಾಗುವಷ್ಟು ಒಂದು ಚಿಕ್ಕ ಮನೆ ಮಾಡಿಕೊಳ್ಳಿ. ಉಳಿದದ್ದನ್ನು ಬಾಡಿಗೆಗೆ ಕೊಡಿ. ನಿಮಗೆ ಮನೆ ದೊಡ್ಡದಾಗಿದೆ ಅನ್ನುವುದು ನಿಜ. ಆದರೆ ನಿಮ್ಮಾಕೆ ಬಿದ್ದದ್ದು ಮನೆ ದೊಡ್ಡದಿತ್ತು ಅಂತಲ್ಲ, ಶೌಚಾಲಯ ಹೊರಗಿತ್ತು ಅಂತ. ಮೂರು ನಾಲ್ಕು ಲಕ್ಷದಲ್ಲಿ ಸರಿಹೋಗುವ ತೊಂದರೆಗೆ 65 ಲಕ್ಷದ ಆಸ್ತಿ ಮಾರುವುದು ಯಾಕೆ?

ಫ್ಲ್ಯಾಟಿನ ಲೆಕ್ಕ ನೋಡಿ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಎಲ್ಲ ಸೇರಿ 52 ಲಕ್ಷಕ್ಕೆ ಹತ್ತಿರ ಹತ್ತಿರ 4 ಲಕ್ಷ. ಎರಡೂ ಕಡೆ ಬ್ರೋಕರ್ ಕಮಿಷನ್, ಸಾಮಾನು ಸಾಗಿಸುವುದು, ಅಡುಗೆಮನೆ ಕಪಾಟು, ಫ್ಯಾನು, ಗೀಸರು, ಪರದೆ ಅಂತ ಇನ್ನೊಂದು ನಾಲ್ಕು ಲಕ್ಷ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಕೈಯಲ್ಲಿ ಐದು ಲಕ್ಷ ಉಳಿದರೆ ದೊಡ್ಡದು. ಮನೆ ಮಾರಿ ಬಂದ ಲಾಭಕ್ಕೆ ಕಟ್ಟುವ ಬಂಡವಾಳ ಲಾಭದ ತೆರಿಗೆ ಬೇರೆ ಇದೆ. ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಆ ಮನೆಗೆ ಹಾಕಿದ ಹಣದ ಮಟ್ಟಿಗೆ ವಿನಾಯಿತಿ ಸಿಗುತ್ತದೆ. ನಿಮ್ಮದು ಹಳೆಯ ಆಸ್ತಿ, ಹಾಗಾಗಿ ಲಾಭದ ಲೆಕ್ಕಕ್ಕೆ ಹಳೆಯ ಖರ್ಚಿನ ಬದಲು 2001ರ ಏಪ್ರಿಲ್ 1ರ ಬೆಲೆಯನ್ನು ಆಧಾರವಾಗಿ ಹಿಡಿಯಬಹುದು. ಅದನ್ನು ಆಡಿಟರ್ ಹತ್ತಿರ ಲೆಕ್ಕ ಹಾಕಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ನಿಮಗೆ ಸಿಗುವುದು ಪ್ರತಿ ತಿಂಗಳು ಮೆಂಟೆನೆನ್ಸ್ ಕಟ್ಟಬೇಕಾದ, ಪರಿಚಯದವರು ಯಾರೂ ಇಲ್ಲದ ಒಂದು ಮಹಡಿ.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ನಿಮ್ಮ 34,000 ಇಬ್ಬರೂ ಇರುವವರೆಗಿನ ಹಣ. ರಾಜ್ಯ ಸರ್ಕಾರದ ನಿಯಮದಲ್ಲಿ ಪೂರ್ತಿ ಸೇವೆ ಮಾಡಿದವರಿಗೆ ಪಿಂಚಣಿ ಕೊನೆಯ ಮೂಲ ವೇತನದ ಅರ್ಧ. ಕುಟುಂಬ ಪಿಂಚಣಿ ಅದೇ ಮೂಲ ವೇತನದ ಶೇ 30. ಅಂದರೆ ನಿಮ್ಮ ನಂತರ ನಿಮ್ಮಾಕೆಗೆ ಬರುವುದು ಸುಮಾರು 20,000. ಯಾವ ಮನೆಯಾದರೂ ಸರಿ, ಅದರ ಖರ್ಚು ಆ 20,000ದಲ್ಲಿ ಒಬ್ಬರೇ ತೂಗಿಸುವಂತಿರಬೇಕು. ಈ ಅಳತೆ ಇಟ್ಟರೆ ಮೈಸೂರಿನ ವಸತಿ ಇವತ್ತೇ ಕೈಗೆಟುಕುವುದಿಲ್ಲ. ಅಲ್ಲಿನ ಶುಲ್ಕ ವರ್ಷಕ್ಕೆ ಶೇ 8ರಂತೆ ಏರಿದರೆ ಒಂಬತ್ತು ವರ್ಷಕ್ಕೆ ಎರಡರಷ್ಟಾಗುತ್ತದೆ.

ಇನ್ನು ಮನೆಗೆ ಬರೋಣ. ನಾನು ಸಿವಿಲ್ ಎಂಜಿನಿಯರು, ಈ ಭಾಗ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಮ್ಮ ಉಗ್ರಾಣ ಮಲಗುವ ಕೋಣೆಗೆ ಅಂಟಿಕೊಂಡಿದೆ. ಅದೇ ನಿಮ್ಮ ಬಾತ್‌ರೂಮು. ಅದರೊಳಗಿನ ತಾಮ್ರದ ಹಂಡೆ, ಮದುವೆಯ ಪಾತ್ರೆ, ಮಕ್ಕಳ ಹಳೆಯ ಪುಸ್ತಕ ಇವನ್ನು ಮಕ್ಕಳು ಬಂದು ಒಯ್ಯಲಿ. ನಡುವಿನ ಗೋಡೆಯಲ್ಲಿ ಬಾಗಿಲು ಕೊರೆಸಬೇಕು. ನಿಮ್ಮದು ಭಾರ ಹೊರುವ ಗೋಡೆ, ಆದ್ದರಿಂದ ಮೊದಲು ಮೇಲೆ ಲಿಂಟಲ್ (ಗೋಡೆಯ ಭಾರ ಹೊರುವ ಅಡ್ಡ ತೊಲೆ) ಕೂರಿಸಿ ಆಮೇಲೆ ಕೆಳಗೆ ಒಡೆಯಬೇಕು. ‘ಏನೂ ಆಗಲ್ಲ ಸಾರ್’ ಎನ್ನುವ ಮೇಸ್ತ್ರಿಯನ್ನು ಬಿಟ್ಟು ಬೇರೆಯವರನ್ನು ಹುಡುಕಿ. ಬಾಗಿಲು ಮೂರಡಿ ಅಗಲ ಇರಲಿ. ಮುಂದೆ ವಾಕರ್ ಅಥವಾ ಗಾಲಿಕುರ್ಚಿ ಬಂದರೂ ಹೋಗುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಇದು ಮುಖ್ಯ. ಒಳಗೆ ಯಾರಾದರೂ ಬಿದ್ದರೆ ಮೈ ಬಾಗಿಲಿಗೆ ಅಡ್ಡವಾಗುತ್ತದೆ. ಒಳಕ್ಕೆ ತೆರೆಯುವ ಬಾಗಿಲನ್ನು ಆಗ ಒಡೆಯಬೇಕಾಗುತ್ತದೆ. ಚಿಲಕವೂ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವಂಥದ್ದು ಸಿಗುತ್ತದೆ, ಅದನ್ನೇ ಹಾಕಿಸಿ. ಹೊಸ್ತಿಲು ಬೇಡ. ನೀರು ಹೊರಗೆ ಬರದಂತೆ ನೆಲಕ್ಕೆ ಇಳಿಜಾರು ಕೊಟ್ಟರೆ ಸಾಕು.

ನೆಲಕ್ಕೆ ಮ್ಯಾಟ್ ಫಿನಿಶ್ ಟೈಲ್ಸು, ಅದೂ ಒಂದಡಿಯ ಚಿಕ್ಕವು. ದೊಡ್ಡ ಟೈಲ್ಸಿಗಿಂತ ಇವುಗಳಲ್ಲಿ ಸಂದು ಜಾಸ್ತಿ, ಕಾಲಿಗೆ ಹಿಡಿತ ಸಿಗುತ್ತದೆ. ಅಂಗಡಿಯಲ್ಲಿ ಒಂದು ಟೈಲ್ಸಿನ ಮೇಲೆ ಸೋಪಿನ ನೀರು ಹಾಕಿ, ಬರಿಗಾಲಲ್ಲಿ ಉಜ್ಜಿ ನೋಡಿ ತೆಗೆದುಕೊಳ್ಳಿ. ಅಂಗಡಿಯವರು ನಕ್ಕರೆ ನಗಲಿ.

ಕಮೋಡಿನ ಸೀಟು ನೆಲದಿಂದ 18 ಇಂಚು ಎತ್ತರ ಇರಬೇಕು, ಮಂಡಿನೋವಿನವರಿಗೆ ಅದು ಸಲೀಸು. ಹಿಡಿದು ಏಳಲು ಪಕ್ಕದ ಗೋಡೆಗೆ ಸ್ಟೀಲಿನ ಹಿಡಿಕಂಬಿ, ಸೀಟಿಗಿಂತ ಒಂದು ಗೇಣು ಮೇಲೆ. ಇಲ್ಲೇ ನಮ್ಮ ಕಡೆ ಎಡವಟ್ಟಾಗುವುದು. ಜಂಬಿಟ್ಟಿಗೆ ಮೆದು ಕಲ್ಲು. ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಮೊದಲ ವರ್ಷ ಗಟ್ಟಿಯಾಗಿರುತ್ತದೆ, ಆಮೇಲೆ ಸಡಿಲಾಗುತ್ತದೆ. ಹಿಡಿದುಕೊಂಡವರ ಪೂರ್ತಿ ಭಾರ ಬಿದ್ದ ದಿನ ಕಿತ್ತು ಬರುತ್ತದೆ. ಸಡಿಲ ಕಂಬಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಗೋಡೆ ದಾಟಿಸಿ ಬೋಲ್ಟ್ ಹಾಕಿಸಿ. ಅದಾಗದಿದ್ದರೆ ನೆಲದ ಕಾಂಕ್ರೀಟಿನಲ್ಲಿ ಹೂತ ನಿಲುವು ಪೈಪು ಮಾಡಿಸಿ. ಕೆಲಸ ಮುಗಿದ ಮೇಲೆ ಒಬ್ಬ ಗಟ್ಟಿಮುಟ್ಟಾದ ಕೆಲಸಗಾರ ಅದಕ್ಕೆ ಜೋತುಬಿದ್ದು ತೋರಿಸಲಿ, ಆಮೇಲೆ ದುಡ್ಡು ಕೊಡಿ.

ಸ್ನಾನಕ್ಕೆ ಕೂರಲು ಕಾಲಿಗೆ ರಬ್ಬರಿನ ಬುಡ ಇರುವ ಗಟ್ಟಿ ಸ್ಟೂಲು, ಕೈಯಲ್ಲಿ ಹಿಡಿಯುವ ಷವರು. ಹಂಡೆ ಒಲೆಯ ಬಿಸಿನೀರಿನ ಸುಖ ನನಗೂ ಗೊತ್ತು. ಆದರೆ ಕುದಿಯುವ ನೀರಿನ ಬಕೆಟ್ ಎತ್ತಿ ನಡೆಯುವುದು ಈ ವಯಸ್ಸಿಗೆ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ಕೈಕೊಡುತ್ತದೆ, ಹಾಗಾಗಿ ಗೀಸರೇ ಸರಿ. ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. 1987ರ ವೈರಿಂಗ್ ಹಾಗೇ ಇದ್ದರೆ ಕೆಳಗಿನ ಮಹಡಿಯದ್ದನ್ನಾದರೂ ಬದಲಾಯಿಸಿ.

ಶೌಚದ ಪೈಪು ಒಳಗಿನಿಂದ ಹಿತ್ತಿಲ ಗುಂಡಿಯವರೆಗೆ ಹೋಗಬೇಕು. 40 ಅಡಿ ದೂರ ಇದ್ದರೆ ಹತ್ತು ಇಂಚಾದರೂ ಇಳಿಜಾರು ಬೇಕು. ನಿಮ್ಮ ತಳಪಾಯ ಎತ್ತರದ್ದು, ಇದು ಆರಾಮವಾಗಿ ಸಿಗುತ್ತದೆ. ತಿರುವು ಇರುವಲ್ಲೆಲ್ಲ ಮುಚ್ಚಳ ತೆಗೆದು ಶುಚಿ ಮಾಡುವಂಥ ಚೇಂಬರ್ ಇಡಿಸಿ. ಇಲ್ಲದಿದ್ದರೆ ಕಟ್ಟಿಕೊಂಡಾಗ ನೆಲ ಅಗೆಯಬೇಕಾಗುತ್ತದೆ.

ಮುಂಬಾಗಿಲ ಮೆಟ್ಟಿಲ ಬಗ್ಗೆ ಒಂದು ಮಾತು. ಎಲ್ಲರೂ ರ‍್ಯಾಂಪ್ ಮಾಡಿಸಿ ಎನ್ನುತ್ತಾರೆ. ರ‍್ಯಾಂಪಿಗೆ ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಬೇಕು. ಎರಡೂವರೆ ಅಡಿಗೆ 30 ಅಡಿ. ಅಷ್ಟು ಜಾಗ ಮುಂದೆ ಇಲ್ಲದೆ ಹತ್ತು ಅಡಿಯಲ್ಲಿ ಮುಗಿಸಿದರೆ ಅದು ಜಾರುಬಂಡಿ. ಮಳೆಗಾಲದಲ್ಲಂತೂ ಮೆಟ್ಟಿಲಿಗಿಂತ ಅಪಾಯ. ಸದ್ಯಕ್ಕೆ ಮೆಟ್ಟಿಲನ್ನೇ ಹೊಸದಾಗಿ ಕಟ್ಟಿಸಿ: ಆರು ಇಂಚು ಎತ್ತರ, ಒಂದಡಿ ಅಗಲ, ಒಟ್ಟು ಐದು. ಎರಡೂ ಕಡೆ ಕಂಬಿ, ಮೇಲೆ ಶೀಟು. ಗಾಲಿಕುರ್ಚಿ ಬೇಕಾದ ಕಾಲಕ್ಕೆ ಮನೆಯ ಪಕ್ಕದಲ್ಲಿ ಉದ್ದಕ್ಕೆ ರ‍್ಯಾಂಪ್ ಮಾಡಬಹುದು. ಆ ಪಕ್ಕದ ಜಾಗದಲ್ಲಿ ಏನೂ ಕಟ್ಟದೆ ಬಿಡಿ.

ಹಾಸಿಗೆಯಿಂದ ಕೈ ಚಾಚಿದರೆ ಸಿಗುವ ಸ್ವಿಚ್ಚು, ಬಾತ್‌ರೂಮಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಕರೆಂಟ್ ಹೋದರೂ ಅದು ಆರದಂತೆ ಒಂದು ಇನ್ವರ್ಟರ್. ಮಳೆಗಾಲದ ಸಾಗರಕ್ಕೆ ಇನ್ವರ್ಟರ್ ಐಷಾರಾಮವಲ್ಲ. ಇದೆಲ್ಲ ಸೇರಿ ನನ್ನ ಅಂದಾಜು ಮೂರರಿಂದ ನಾಲ್ಕು ಲಕ್ಷ. ತಾರಸಿ ಸೋರುತ್ತಿದ್ದರೆ ಅದು ಬೇರೆ.

ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡಿ. ಮೆಟ್ಟಿಲು ಹೊರಗಿದೆ, ಅಡುಗೆಕಟ್ಟೆ, ಬಾತ್‌ರೂಮು ಇವೆ, ಇನ್ನೇನು ಬೇಕು? ಕರೆಂಟಿಗೆ ಬೇರೆ ಮೀಟರ್ ಹಾಕಿಸಿ, ಹನ್ನೊಂದು ತಿಂಗಳ ಕರಾರು ಬರೆಸಿ. ಬಾಡಿಗೆ ಎಷ್ಟು ಎನ್ನುವುದಕ್ಕಿಂತ ಯಾರು ಎನ್ನುವುದನ್ನು ನೋಡಿ. ಸರ್ಕಾರಿ ಆಸ್ಪತ್ರೆಯ ನರ್ಸ್, ವರ್ಗವಾಗಿ ಬಂದ ಬ್ಯಾಂಕಿನವರು, ಚಿಕ್ಕ ಮಕ್ಕಳಿರುವ ಶಿಕ್ಷಕ ದಂಪತಿ, ಇಂಥವರಿಗೆ ಸಾವಿರ ರೂಪಾಯಿ ಕಡಿಮೆ ಮಾಡಿ ಕೊಟ್ಟರೂ ನಷ್ಟವಿಲ್ಲ. ರಾತ್ರಿ ಎರಡು ಗಂಟೆಗೆ ಕೂಗಿದರೆ ಇಳಿದು ಬರುವ ಒಂದು ಜೀವ ಮನೆಯಲ್ಲಿರುತ್ತದೆ. ಆದರೆ ಬಾಡಿಗೆದಾರರು ನಿಮ್ಮ ಆಳಲ್ಲ. ಅವರಿಂದ ದಿನಾ ಸಾಮಾನು ತರಿಸಲು ಶುರು ಮಾಡಿದರೆ ಮೂರೇ ತಿಂಗಳಲ್ಲಿ ಖಾಲಿ ಮಾಡುತ್ತಾರೆ.

ಹಣವನ್ನು ಹೀಗೆ ಹಂಚಬಹುದು. 14 ಲಕ್ಷದಲ್ಲಿ 4 ಲಕ್ಷ ಮನೆಗೆ, 2 ಲಕ್ಷ ಆಸ್ಪತ್ರೆಗೆಂದು ಉಳಿತಾಯ ಖಾತೆಯಲ್ಲಿ. ಉಳಿದ 8 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. ಬಡ್ಡಿ ದರ 8.2 ಸಿಕ್ಕರೆ ಮೂರು ತಿಂಗಳಿಗೊಮ್ಮೆ 16,400 ಬರುತ್ತದೆ. ಖಾತೆಯನ್ನು ನಿಮ್ಮಾಕೆಯ ಹೆಸರಿನಲ್ಲೇ ತೆರೆಯಿರಿ, ಅವರಿಗೂ 60 ದಾಟಿದೆ. ಕುಟುಂಬ ಪಿಂಚಣಿಯ ಜೊತೆ ಈ ಬಡ್ಡಿ, ಮೇಲಿನ ಬಾಡಿಗೆ ಸೇರಿದರೆ ಅವರೊಬ್ಬರೇ ಆದಾಗಲೂ ಮಕ್ಕಳ ಕೈ ನೋಡಬೇಕಾಗುವುದಿಲ್ಲ.

ಮನೆ ಅಡವಿಟ್ಟು ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಬಗ್ಗೆ ಯಾರಾದರೂ ಹೇಳಬಹುದು. 60 ದಾಟಿದವರಿಗೆ ಇದೆ. ಬದುಕಿರುವವರೆಗೆ ಮನೆಯಲ್ಲೇ ಇರಬಹುದು, ಸಾಲ ತೀರಿಸುವುದು ಇಬ್ಬರ ಕಾಲದ ನಂತರ. ಕಾಗದದಲ್ಲಿ ಚೆನ್ನಾಗಿದೆ. ಆದರೆ ಸಣ್ಣ ಊರಿನ ಹಳೇ ಮನೆಗೆ ಬ್ಯಾಂಕಿನವರು ಕಟ್ಟುವ ಬೆಲೆ ನೋಡಿದರೆ ನಿಮಗೆ ಬೇಜಾರಾಗುತ್ತದೆ. ಬೇರೆ ದಾರಿಯೇ ಇಲ್ಲದಾಗ ನೋಡೋಣ.

ಈಗ ಮಗನ ಎರಡನೆಯ ಮಾತು. ಅವನ ಮನಸ್ಸಿನಲ್ಲಿ ಕೆಟ್ಟದ್ದಿದೆ ಎಂದು ನಾನು ಹೇಳುತ್ತಿಲ್ಲ. ಕುಟುಂಬದೊಳಗಿನ ದಾನಪತ್ರಕ್ಕೆ ಖರ್ಚು ಕೆಲವೇ ಸಾವಿರ, ಅದಕ್ಕೇ ಎಲ್ಲರಿಗೂ ಅದು ಸುಲಭ ಅನ್ನಿಸುತ್ತದೆ. ಆದರೆ ದಾನಪತ್ರ ನೋಂದಣಿಯಾದ ದಿನದಿಂದ ಆ ಮನೆ ನಿಮ್ಮದಲ್ಲ. ಮಗನ ವ್ಯಾಪಾರ ಕೆಟ್ಟರೆ, ಸಾಲಗಾರರು ಬಂದರೆ, ಅವನ ಸಂಸಾರದಲ್ಲಿ ಏನಾದರೂ ಆದರೆ ಅದರ ಪೆಟ್ಟು ನಿಮ್ಮ ಸೂರಿಗೆ. ವಿಲ್ ಬರೆದರೆ ಹಾಗಲ್ಲ, ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

ವಿಲ್ ಬರೆಯದೆ ಬಿಡುವುದೂ ಸರಿಯಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ನಂತರ ಮನೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಅಂದರೆ ನಿಮ್ಮಾಕೆಗೆ ಮೂರರಲ್ಲಿ ಒಂದು ಪಾಲು ಮಾತ್ರ. ಮಕ್ಕಳಲ್ಲಿ ಯಾರಾದರೂ ‘ಮಾರಿ ಹಂಚೋಣ’ ಎಂದು ಕೂತರೆ ಅವರು ಎಲ್ಲಿಗೆ ಹೋಗಬೇಕು? ಮೊದಲು ಪೂರ್ತಿ ಹೆಂಡತಿಗೆ ಎಂದು ಬರೆದು, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಅವರೂ ತಮ್ಮದೊಂದು ವಿಲ್ ಬರೆದು ಮಕ್ಕಳಿಗೆ ಹಂಚಲಿ.

ಇಷ್ಟು ಹೇಳಿದ ಮೇಲೂ ದಾನಪತ್ರವನ್ನೇ ಮಾಡುವುದಾದರೆ, ‘ನಮ್ಮಿಬ್ಬರ ಜೀವಿತಾವಧಿಯವರೆಗೆ ಇಲ್ಲಿ ವಾಸದ ಹಕ್ಕು ನಮ್ಮದು, ನಮ್ಮ ಯೋಗಕ್ಷೇಮ ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದಲ್ಲೇ ಇರಲಿ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ದಾನಪತ್ರವನ್ನು ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಕಷ್ಟ ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿದೆ. 2025ರ ಜನವರಿಯ ಇನ್ನೊಂದು ತೀರ್ಪು ಹಿರಿಯರ ಪರವಾಗಿ ಕಾಯ್ದೆಯನ್ನು ಉದಾರವಾಗಿ ಓದಬೇಕು ಎಂದಿದೆ. ಆದರೂ ಕೋರ್ಟಿನ ಉದಾರತೆಯನ್ನು ನಂಬಿ ಕೂರುವುದಕ್ಕಿಂತ ಒಂದು ಸಾಲು ಹೆಚ್ಚು ಬರೆಸುವುದು ಅಗ್ಗ. ಈ ಪ್ರಕರಣಗಳನ್ನು ನೋಡುವುದು ಉಪವಿಭಾಗಾಧಿಕಾರಿ. ಆ ಕಚೇರಿ ನಿಮ್ಮ ಸಾಗರದಲ್ಲೇ ಇದೆ. ಎಲ್ಲಿ ಕೇಳಬೇಕೆಂದು ತಿಳಿಯದಾದರೆ ಹಿರಿಯರ ಸಹಾಯವಾಣಿ 14567.

ಹಾಗೇ, ಮಾರುವುದಿಲ್ಲವಾದರೂ ನಗರಸಭೆಯಲ್ಲಿ ಇ-ಖಾತಾ ಮಾಡಿಸಿಕೊಳ್ಳಿ. ಈಗ ಅದಿಲ್ಲದೆ ಮಾರಾಟದ ನೋಂದಣಿ ಆಗುವುದಿಲ್ಲ. ನೀವು ಓಡಾಡುವ ಸ್ಥಿತಿಯಲ್ಲಿರುವಾಗ ಮುಗಿಸಿದರೆ ಮುಂದೆ ನಿಮ್ಮಾಕೆ ಕಚೇರಿಯ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ಮಗನ ಆತಂಕದಲ್ಲಿ ನಿಜವಾದ ಅಂಶ ಒಂದಿದೆ: ಆಸ್ಪತ್ರೆ. ಶಿವಮೊಗ್ಗ 70 ಕಿಲೋಮೀಟರ್ ಮೇಲಿದೆ. ಪಾರ್ಶ್ವವಾಯು ಹೊಡೆದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಆದಷ್ಟೂ ಒಳ್ಳೆಯದು. ಸಾಗರದಿಂದ ಹೊರಟರೆ ಸಮಯ ಸಾಲುತ್ತದೆ, ಆದರೆ ‘ಬೆಳಗಾಗಲಿ ನೋಡೋಣ’ ಅಂದರೆ ಸಾಲುವುದಿಲ್ಲ. ಹೃದಯಾಘಾತಕ್ಕೆ ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಚುಚ್ಚುಮದ್ದು ಕೊಟ್ಟು ಮುಂದೆ ಕಳಿಸುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ಉಪವಿಭಾಗೀಯ ಆಸ್ಪತ್ರೆಗೆ ಒಂದು ದಿನ ಸುಮ್ನೆ ಹೋಗಿ, ಅಲ್ಲಿ ಅದು ಇದೆಯೇ, ರಾತ್ರಿ ಯಾರಿರುತ್ತಾರೆ ಎಂದು ವಿಚಾರಿಸಿ ಬನ್ನಿ. ರಾತ್ರಿ ಬರುವ ಟ್ಯಾಕ್ಸಿಯವರ ಎರಡು ನಂಬರು ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಒಂದು ಬೀಗದ ಕೈ ಪಕ್ಕದ ಮನೆಯಲ್ಲಿರಲಿ.

ಊರು ಬಿಡಲೇಬೇಕಾದ ಕಾಲವೂ ಬರಬಹುದು. ಇಬ್ಬರಲ್ಲೊಬ್ಬರಿಗೆ ಮರೆವಿನ ಕಾಯಿಲೆ ಶುರುವಾದರೆ, ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದರೆ, ಅಡುಗೆಗೂ ಆರೈಕೆಗೂ ದುಡ್ಡು ಕೊಟ್ಟರೂ ಜನ ಸಿಗದಾದರೆ, ಆಗ ಹಟ ಬೇಡ. ಆದರೆ ಆಗಲೂ ಕೊಳ್ಳಬೇಡಿ. ಶಿವಮೊಗ್ಗದಲ್ಲಾಗಲಿ, ಮಗನ ಮನೆ ಹತ್ತಿರವಾಗಲಿ ನೆಲಮಹಡಿಯ ಮನೆ ಬಾಡಿಗೆಗೆ ಹಿಡಿದು, ಸಾಗರದ ಮನೆಯನ್ನು ಕೆಳಗೂ ಮೇಲೂ ಬಾಡಿಗೆಗೆ ಕೊಟ್ಟು ಹೋಗಿ. ಮೈಸೂರಿನ ವಸತಿಯವರೂ ಒಂದು ತಿಂಗಳು ಅತಿಥಿಯಾಗಿ ಇರಲು ಬಿಡುತ್ತಾರಾ ಕೇಳಿ. ಬಿಡುವುದಿಲ್ಲ ಎಂದರೆ ಅಲ್ಲಿಗೇ ಕೈಮುಗಿಯಿರಿ. ಬಿಟ್ಟರೆ ಅವರ ಕರಾರನ್ನು ಓದುವಾಗ ಒಂದೇ ಪ್ರಶ್ನೆ ಹಿಡಿದು ಕೂರಿ: ‘ಹಾಸಿಗೆ ಹಿಡಿದರೆ ಏನು ಮಾಡುತ್ತೀರಿ?’ ಓಡಾಡುವವರೆಗೆ ಮಾತ್ರ ಇಟ್ಟುಕೊಳ್ಳುವ ಕಡೆಗಳೂ ಇವೆ, ಅದನ್ನು ಚಂದದ ಪುಸ್ತಿಕೆಯಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ. ಡೆಪಾಸಿಟ್ಟು ಯಾವಾಗ, ಎಷ್ಟು ಕಡಿತ ಮಾಡಿ, ಯಾರ ಕೈಗೆ ವಾಪಸು ಎಂಬುದೂ ಬರಹದಲ್ಲಿರಬೇಕು.

ಕೆಲಸವನ್ನು ದೀಪಾವಳಿ ಕಳೆದ ಮೇಲೆ ಹಿಡಿಯಿರಿ. ಮಳೆ ನಿಂತಿರುತ್ತದೆ, ಏಪ್ರಿಲ್ ಒಳಗೆ ಎಲ್ಲ ಒಣಗಿರುತ್ತದೆ. ಮೊದಲು ಬಾತ್‌ರೂಮು, ಆಮೇಲೆ ಮೆಟ್ಟಿಲು, ಕೊನೆಗೆ ಬಣ್ಣ. ತಡವಾದರೆ ಬಣ್ಣ ಬಿಡಿ. ಅಲ್ಲಿಯವರೆಗೆ ರಾತ್ರಿ ಹೊತ್ತಿಗೆ ಮಲಗುವ ಕೋಣೆಯಲ್ಲಿ ಕಮೋಡ್ ಕುರ್ಚಿ ಇಟ್ಟುಕೊಳ್ಳಿ, ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮಾಕೆ ಮೊದಲು ಒಪ್ಪಲಿಕ್ಕಿಲ್ಲ, ಒಂದು ಮಳೆಯ ರಾತ್ರಿ ಕಳೆದರೆ ಒಪ್ಪುತ್ತಾರೆ.

ಬಾವಿ ಮುಚ್ಚಿಸಬೇಡಿ. ಬೇಸಿಗೆಯಲ್ಲಿ ನಲ್ಲಿ ನೀರು ನಿಂತಾಗ ಅದೇ ಗತಿ. ಕಟ್ಟೆ ಮೂರಡಿ ಎತ್ತರ ಇಲ್ಲದಿದ್ದರೆ ಏರಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಹಾಕಿ, ಪಂಪಿನ ಸ್ವಿಚ್ಚನ್ನು ಅಡುಗೆಮನೆಯೊಳಗೆ ತನ್ನಿ. ಹೊಸ ಶೌಚಗುಂಡಿ ತೋಡಿಸುವುದಾದರೆ ಬಾವಿಯಿಂದ 60 ಅಡಿಯಾದರೂ ದೂರ ಇರಲಿ, ಬಾವಿಗಿಂತ ಇಳಿಜಾರಿನ ಕಡೆಗೆ.